ತಾನಾಗಿ ಕೂಗಿದ ಸೈರನ್ನು

ನೂಲಿನ ಗಿರಣಿಯ ಸೈರನ್ನು ಕೂಗಿಸುವುದೇ ಜೀವಮಾನದ ಕೆಲಸವಾಗಿದ್ದರಿಂದ ಊರು ಅವನನ್ನು ಕೂಗಪ್ಪ ಎನ್ನುತ್ತಿತ್ತು. ಬಾಯ್ಲರಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ನಿಂತು ಅವನು ಸರಪಳಿ ಜಗ್ಗಿದರೆ ಸಾವಿರ ಜನ ಏಳಬೇಕು, ಓಡಬೇಕು. ಅಷ್ಟು ಜನರನ್ನು ಕುಣಿಸಿದವನ ಮಾತನ್ನು ಮನೆಯಲ್ಲಿ ಬೆಕ್ಕೂ ಕೇಳುತ್ತಿರಲಿಲ್ಲ. ಹಗಲೆಲ್ಲ ಉಗಿಯಲ್ಲಿ ಬೆಂದು, ಸಂಜೆ ಹೆಂಡತಿಯಿಂದ ಉಗಿಸಿಕೊಳ್ಳುವುದು ದಿನಚರಿ.

ಈಗ ಕೆಲಸವಿಲ್ಲ, ಗಿರಣಿಯೂ ಇಲ್ಲ, ಉಳಿದದ್ದು ಒಂದೇ ಸಂಕಟ. ತಮ್ಮ ಅವನೊಡನೆ ಮಾತು ಬಿಟ್ಟು ಮೂವತ್ತು ವರ್ಷ. ಒಂದೇ ಗೋಡೆಯ ಆಚೆ ಈಚೆ ವಾಸ. ಗಿರಣಿಯ ಹೊಗೆ ನಿಂತಿತು, ಹಗೆ ನಿಲ್ಲಲಿಲ್ಲ.

ಕಾರಣ ಊರಿಗೆಲ್ಲ ಗೊತ್ತು, ತಪ್ಪಾಗಿ ಗೊತ್ತು. ಗಿರಣಿಯಲ್ಲಿ ಎರಡು ಪಾಳಿ. ಹಗಲಿನವರು ಹೊರಡಲು ಒಂದು ಸೈರನ್ನು, ರಾತ್ರಿಯವರು ಬರಲು ಅರ್ಧ ಗಂಟೆ ಬಿಟ್ಟು ಇನ್ನೊಂದು. ಊರಿನ ಎರಡು ತುದಿಗಳಿಂದ ಬರುವ ಈ ಎರಡು ಗುಂಪುಗಳು ಎದುರುಬದುರಾಗದಿರಲಿ ಎಂದು ಯಜಮಾನರು ಮಾಡಿದ ಏರ್ಪಾಡು ಅದು. ಕೂಲಿ ಇಳಿಸುವ ಮಾತು ಬಂದಾಗ ಹಗಲಿನವರಿಗೆ ರಾತ್ರಿಯವರು ಒಪ್ಪಿದ್ದಾರೆಂದರು, ರಾತ್ರಿಯವರಿಗೆ ಹಗಲಿನವರು ಒಪ್ಪಿದ್ದಾರೆಂದರು. ಪಾಳಿ ಎರಡಾದರೂ ಸುಳ್ಳಿನಲ್ಲಿ ಸಮಪಾಲು.

ಅದೇ ದಿನಗಳ ಒಂದು ಸಂಜೆ ಕೂಗಪ್ಪ ಎಂದಿನಂತೆ ಸೈರನ್ನಿನ ಗಂಟಲು ಸರಿಮಾಡಲು ಹೋದ. ಕೊಳವೆಯಲ್ಲಿ ತಂಗಿದ ನೀರನ್ನು ಮೊದಲೇ ಹೊರಹಾಕದಿದ್ದರೆ ಅದು ಕೂಗುವುದಿಲ್ಲ, ಬಾಯಿ ಮುಕ್ಕಳಿಸುತ್ತದೆ. ಅದಕ್ಕಾಗಿ ಹೊತ್ತಿಗೆ ಮುಂಚೆ ಸರಪಳಿಯನ್ನು ಒಂದಿಷ್ಟೇ ಎಳೆದು ಬಿಡುವುದು ವಾಡಿಕೆ. ಎಳೆದ, ವಾಲ್ವು ಸಿಕ್ಕಿಕೊಂಡಿತು. ಉಗಿ ತೀರುವವರೆಗೂ ಸೈರನ್ನು ಕೂಗಿತೇ ಕೂಗಿತು. ಒಳಗಿನವರು ಬಿಟ್ಟರೆಂದು ಎದ್ದರು, ಹೊರಗಿನವರು ತಡವಾಯಿತೆಂದು ಬಿದ್ದಂಬೀಳ ಓಡಿಬಂದರು. ಸೈರನ್ನು ಕೂಗಿದರೆ ಗೇಟು ತೆಗೆಯಬೇಕೆಂಬುದು ನಿಯಮ. ಗೇಟಿನ ಕಾವಲಿಗಿದ್ದವನು ಕೂಗಪ್ಪನ ತಮ್ಮ. ತೆಗೆದ.

"ನೀವ್ಯಾಕ್ರೋ ಒಪ್ಪಿದ್ರಿ?" ಎಂದರು ಒಳಗಿನಿಂದ ಬಂದವರು.

"ನಾವೆಲ್ಲಿ ಒಪ್ಪಿದ್ವಿ? ನೀವ್ ತಾನೆ?"

ಅಷ್ಟು ಸಾಕಾಯಿತು. ಮುಷ್ಕರ ನಡೆಯಿತು, ಕೂಲಿ ಉಳಿಯಿತು, ಆಮೇಲೆ ಸುತ್ತಲಿನ ಗಿರಣಿಗಳೂ ಅದೇ ದಾರಿ ಹಿಡಿದವು. ಕಾರ್ಮಿಕ ಸಂಘ ಕೂಗಪ್ಪನನ್ನು ಹೆಗಲ ಮೇಲೆ ಹೊತ್ತು ಮೆರೆಸಿತು. ಸಂಘದವನನ್ನು ಮುಟ್ಟಲಾರದ ಯಜಮಾನರು ಸಂಘದಲ್ಲಿಲ್ಲದ ತಮ್ಮನನ್ನು ಹೊರದಬ್ಬಿದರು. ಅಣ್ಣತಮ್ಮಂದಿರ ಒಳಸಂಚು ಎಂದರು.

ಕೆಲಸ ಹೋದದ್ದನ್ನು ತಮ್ಮ ಹೇಗೋ ನುಂಗಿಕೊಂಡ. ಅಷ್ಟು ದೊಡ್ಡ ಸಂಚು ಹೂಡುವಾಗ ಒಡಹುಟ್ಟಿದವನ ಕಿವಿಗೆ ಒಂದು ಮಾತು ಹಾಕಲಿಲ್ಲವಲ್ಲ, ಅದು ಗಂಟಲಲ್ಲೇ ಉಳಿಯಿತು. ಸಂಚೇ ಇರಲಿಲ್ಲವೆಂದು ಕೂಗಪ್ಪ ಗೋಡೆಗೆ ಕೇಳುವಂತೆ ಹೇಳಿದ, ನೆಂಟರಿಂದ ಹೇಳಿಸಿದ. ಅತ್ತ ಸಂಘದವರು ವರ್ಷವರ್ಷವೂ ವೇದಿಕೆ ಹತ್ತಿಸಿ, ಆರು ತಿಂಗಳು ಹೊಂಚು ಹಾಕಿದ ಧೀರ ಎಂದು ಹೊಗಳುತ್ತಿದ್ದರು. ಎದ್ದು ನಿಂತು ವಾಲ್ವು ಸಿಕ್ಕಿಕೊಂಡಿತ್ತು ಎಂದರೆ, ಎಂಥ ವಿನಯ ಎಂದು ಇನ್ನಷ್ಟು ಚಪ್ಪಾಳೆ.

ಈಚೆಗೆ ಸಂಘ ತನ್ನ ಚರಿತ್ರೆ ಬರೆಸಲು ಹೊರಟಿತು. ಬರೆಯುವವಳು ತಮ್ಮನ ಮಗಳೇ, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಅಪ್ಪನ ಮುನಿಸು ಅವಳಿಗೆ ಅಂಟಿರಲಿಲ್ಲ. ಅಣ್ಣನ ಬಾಯಿಯನ್ನು ನಂಬದವನು ಅಚ್ಚಿನ ಅಕ್ಷರವನ್ನಾದರೂ ನಂಬಿಯಾನು ಎಂದು ಕೂಗಪ್ಪ ಅವಳನ್ನು ಕೂರಿಸಿಕೊಂಡ.

"ಅದೊಂದು ಅಚಾತುರ್ಯ ಅಂತ ಬರಿಯಮ್ಮ."

"ಬರೀತೀನಿ ದೊಡ್ಡಪ್ಪ. ಆದ್ರೆ ಅದೇನು ಮುಖ್ಯ ಅಲ್ಲ. ಹೊಟ್ಟೆ ಮೇಲೆ ಹೊಡೆದಿದ್ರು. ಆವತ್ತಲ್ಲದಿದ್ರೆ ಇನ್ನೊಂದಿನ ಆಗೇ ಆಗ್ತಿತ್ತು. ನೀವಿಲ್ಲದಿದ್ರೂ."

"ಇನ್ನೊಂದಿನ ಆಗಿದ್ರೆ ಗೇಟಲ್ಲಿ ನಿಮ್ಮಪ್ಪ ಇರ್ತಿದ್ನೋ ಇಲ್ವೋ. ಮಾರನೇ ದಿನ ಅವನಿಗೆ ರಜ ಇತ್ತು ಕಣೇ."

ಅದು ಮನೆಯ ವಿಷಯ, ಚರಿತ್ರೆಯದಲ್ಲ ಎಂದು ಅವಳು ಸಮಾಧಾನ ಮಾಡಿದಳು. ಮೂವತ್ತು ವರ್ಷ ಅವನನ್ನು ಧೀರನೆಂದು ಕಾಡಿದರು. ಈಗ ಇವಳು, ಅವನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎನ್ನುತ್ತಾಳೆ. ಕೂಗಪ್ಪನಿಗೆ ಮೈ ಪರಚಿಕೊಳ್ಳುವಂತಾಯಿತು. ಆದರೂ ಕೊಟ್ಟ ಮಾತಿನಂತೆ ಅವಳು ವಾಲ್ವಿನ ಕಥೆ ಬರೆದಳು, ಮನೆಗೆ ಹೋಗಿ ಅಪ್ಪನಿಗೆ ಓದಿ ಹೇಳಿದಳು.

ಮರುದಿನ ತಮ್ಮ ಬಂದ. ಹೊಸ್ತಿಲು ದಾಟಲಿಲ್ಲ.

"ವಾಲ್ವು ಸಿಕ್ಕೊಂಡಿತ್ತು ಅಂತ ಬರೆಸಿದ್ದೀಯಂತೆ."

"ನಿಜ ಅದೇ ಕಣೋ."

"ನೀನು ಬೇಕಂತ್ಲೇ ಮೋಸ ಮಾಡಿದ್ದನ್ನ ಇಷ್ಟು ವರ್ಷ ತಡ್ಕೊಂಡೆ. ಸಾವಿರ ಮನೆ ಉಳೀತಲ್ಲ, ನನ್ನೊಬ್ಬನ ತಲೆ ಹೋದ್ರೆ ಹೋಗ್ಲಿ ಅಂತ. ಈಗ ತುಕ್ಕು ಹಿಡಿದ ಕಬ್ಬಿಣದ ಚೂರಿಗೆ ನನ್ನ ಬದುಕು ಹೋಯ್ತು ಅಂತೀಯ. ಅದನ್ನ ಹೇಗೆ ತಡ್ಕೊಳ್ಳಲಿ? ತೆಗೆಸಿಬಿಡು."

ಒಳಗೆ ಬಾ ಎನ್ನಲು ಕೂಗಪ್ಪ ಬಾಯಿ ತೆರೆಯುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಸಂಜೆ ಕೂಗಪ್ಪ ತಮ್ಮನ ಮಗಳನ್ನು ಕರೆದು ಆ ಸಾಲು ಹೊಡೆದುಹಾಕು, ಹೊಂಚು ಹಾಕಿದ್ದೆ ಎಂದೇ ಬರಿ ಎಂದ.

"ಹಾಗಾದ್ರೆ ಸ್ವಂತ ತಮ್ಮನಿಗೆ ಯಾಕೆ ಹೇಳ್ಲಿಲ್ಲ ಅಂತ ಓದಿದವರು ಕೇಳ್ತಾರಲ್ಲ ದೊಡ್ಡಪ್ಪ?"

"ಅದಕ್ಕೊಂದು ಕಾರಣ ನೀನೇ ಹುಟ್ಟಿಸು. ಓದಿದವಳಲ್ವಾ," ಎಂದು ಸಿಡುಕಿದ. ಅವಳು ಹೋದ ಮೇಲೆ ತಾನೇ ಕೂತು ಹುಡುಕಿದ. ತಮ್ಮ ಒಪ್ಪುವಂಥದ್ದು ಒಂದೂ ಸಿಗಲಿಲ್ಲ.