ಅತ್ತಿಗೆಯ ಕಾರ್ಡಿಗೆ ಹಾಕಿದ ಕೊಸರು

ಕೈ ಕೆಸರಾದರೆ ಬಾಯಿ ಮೊಸರು ಎಂದವರು ಯಾರೋ ಗೊತ್ತಿಲ್ಲ, ಪಾರ್ಸೆಲ್ ಶೆಡ್ಡಿನಲ್ಲಿ ಒಂದು ದಿನವೂ ನಿಂತವರಲ್ಲ. ಅಲ್ಲಿ ಕೈಗೆ ಮೆತ್ತಿಕೊಳ್ಳುವುದು ಧೂಳು ಮತ್ತು ಟೇಪಿನ ಅಂಟು. ಬಾಯಿಗೆ ಮೊಸರು ಹಾಳಾಗಿ ಹೋಗಲಿ, ನೀರೂ ಇಲ್ಲ. ನೀರಿನ ಡ್ರಮ್ಮು ಬಾಗಿಲಲ್ಲೇ ಇತ್ತು ಅನ್ನಿ. ಆದರೆ ಕುಡಿದರೆ ಪಾಯಿಖಾನೆಗೆ ಹೋಗಬೇಕು, ಹೋಗಿ ಬರುವುದರೊಳಗೆ ಗೋಡೆಯ ಟೀವಿಯಲ್ಲಿ ನಮ್ಮ ಕಾರ್ಡಿನ ನಂಬರು ಕೆಂಪಾಗಿರುತ್ತದೆ. ಅದಕ್ಕೇ ಕುಡಿಯುತ್ತಿರಲಿಲ್ಲ. ಕಡಲ ಬದಿಯ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಬೆಳಗಿನಿಂದ ಸಂಜೆಯವರೆಗೆ ತುಟಿ ಒಣಗಿಸಿಕೊಂಡು ನಿಂತಿದ್ದೇವೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಮನೆ ಕಿರಿಮಂಜೇಶ್ವರದ ಕಡಲ ಬದಿ. ಅಮ್ಮ, ನಾನು, ನನ್ನ ಅಣ್ಣನ ಹೆಂಡತಿ, ಮೂವರೂ ಮೀನು ಬುಟ್ಟಿ ಹೊತ್ತು ಮನೆ ಮನೆ ತಿರುಗಿದವರು. ನವರಾತ್ರಿ ಬಂತೆಂದರೆ ಊರಿನ ಅರ್ಧಕ್ಕರ್ಧ ಒಲೆಗಳಲ್ಲಿ ಮೀನು ಬೇಯುವುದಿಲ್ಲ, ನಾವು ಬುಟ್ಟಿ ಮಗುಚಿ ಇಡುತ್ತೇವೆ. ಸರಿಯಾಗಿ ಅದೇ ಹೊತ್ತಿಗೆ ಫೋನಿನಲ್ಲಿ ಸಾಮಾನು ತರಿಸುವವರ ಭರಾಟೆ ಶುರುವಾಗುತ್ತದೆ. ಹೆದ್ದಾರಿ ಬದಿಯ ಹಳೆಯ ಹೆಂಚಿನ ಕಾರ್ಖಾನೆಯೊಂದನ್ನು ಪಾರ್ಸೆಲ್ ಶೆಡ್ಡು ಮಾಡಿದ್ದರು. ದೀಪಾವಳಿ ಮುಗಿಯುವವರೆಗೆ ಹೆಂಗಸರು ಬೇಕು ಎಂದು ಮೀನು ಮಾರ್ಕೆಟ್ಟಿಗೇ ಬಂದು ಕರೆದರು. ಕೂತು ಹಿತ್ತಲು ಗುಡಿಸುವ ಬದಲು ಹೋಗುವ ಎಂದು ನಾನು ಹೊರಟೆ. ಅತ್ತಿಗೆಯೂ ಹೊರಟಳು.

ಅತ್ತಿಗೆ ಹೊರಟದ್ದಕ್ಕೆ ಬೇರೆಯೇ ಕಾರಣವಿತ್ತು. ಆ ಮಳೆಗಾಲದಲ್ಲಿ ಅವಳಿಗೆ ಗರ್ಭಕೋಶ ತೆಗೆದಿದ್ದರು. ಇನ್ನು ತಲೆಹೊರೆ ಬೇಡವೇ ಬೇಡ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮೀನು ಮಾರುವವಳು ಬುಟ್ಟಿ ಹೊರಬಾರದು ಎಂದರೆ ಏನು ಮಾಡಬೇಕು? ಶೆಡ್ಡಿನ ಮೂಲೆಯಲ್ಲಿ ಒಂದು ಟೇಬಲ್ಲು, ಒಂದು ಕುರ್ಚಿ ಇದ್ದವು. ಗಿರಾಕಿಗಳು ಬೇಡವೆಂದು ಹಿಂದೆ ಕಳಿಸಿದ ಸಾಮಾನಿಗೆ ಹೊಸ ಚೀಟಿ ಅಂಟಿಸುವ ಜಾಗ ಅದು. ವರ್ಷವಿಡೀ ಇರುವ ಕೆಲಸ, ಕೂತು ಮಾಡುವ ಕೆಲಸ. ಸೀಸನ್ನಿನಲ್ಲಿ ಒಮ್ಮೆಯೂ ಕೆಂಪಾಗದೆ ನಿಂತವರಲ್ಲಿ ಒಬ್ಬರನ್ನು ಆ ಕುರ್ಚಿಗೆ ಹಾಕುತ್ತೇವೆ ಎಂದು ಸೂಪರ್‌ವೈಸರು ಮೊದಲ ದಿನವೇ ಎಲ್ಲರೆದುರು ಹೇಳಿದ. ಅತ್ತಿಗೆಯ ಕಣ್ಣು ಆ ಕುರ್ಚಿಯ ಮೇಲೆ ನಟ್ಟುಬಿಟ್ಟಿತು.

"ಅದೊಂದ್ ಸಿಕ್ರೆ ಸಾಕ್ ಮಾರಾಯ್ತಿ" ಎಂದಳು ಬಸ್ಸಿನಲ್ಲಿ. "ಹುಟ್ಟಿದಾಗಿಂದ ನಿಂತ್ಕಂಡೇ ದುಡ್ದದ್ದ್. ಕೂಕಂಡ್ ದುಡಿಯೂದ್ ಅಂದ್ರೆ ಹ್ಯಾಂಗಿರತ್ತ್ ಅಂದೇಳಿ ಒಂದ್ಸಲ ಕಾಣ್ಕ್."

ಕೆಲಸ ಹೇಳುವುದಕ್ಕೆ ಸುಲಭ. ಲಾರಿಯಿಂದ ಸುರಿದ ರಾಶಿಯಿಂದ ಒಂದು ಪೊಟ್ಟಣ ಎತ್ತುವುದು, ಕೈಗೆ ಕಟ್ಟಿದ ಸ್ಕ್ಯಾನರಿಗೆ ತೋರಿಸುವುದು, ಅದು ಟೀಂಕ್ ಎಂದ ಕೂಡಲೇ ಆಯಾ ಊರಿನ ಚೀಲಕ್ಕೆ ಹಾಕುವುದು. ಬೈಂದೂರು, ವಂಡ್ಸೆ, ಕೋಟ, ಬ್ರಹ್ಮಾವರ. ಕೈ ಓಡಿದರೆ ಟೀವಿಯಲ್ಲಿ ನಮ್ಮ ನಂಬರು ಹಸಿರು, ನಿಧಾನವಾದರೆ ಹಳದಿ, ಇನ್ನೂ ಹಿಂದೆ ಬಿದ್ದರೆ ಕೆಂಪು, ಮೂರು ಸಲ ಕೆಂಪಾದರೆ ಮನೆಗೆ. ಒಳಗಡೆ ಕುಕ್ಕರೋ, ಚಪ್ಪಲಿಯೋ, ಗ್ರೈಂಡರಿನ ಕಲ್ಲೋ ದೇವರಿಗೇ ಗೊತ್ತು. ಒಂದು ದಿನ ಬೈಂದೂರಿನ ಪೊಟ್ಟಣದಿಂದ ಒಣ ಚಟ್ಲಿಯ ವಾಸನೆ ಬಂತು. ಎಲ್ಲಿಂದಲೋ ಪಾರ್ಸೆಲ್ಲಿನಲ್ಲಿ ಬಂದ ಒಣ ಸೀಗಡಿ! "ಕಡ್ಲ್ ಬುಡದಗ್ ಕೂಕಂಡ್ ಚಟ್ಲಿ ತರ್ಸೂ ಮಂಡಿ ಯಾರ್ದ್ ಮರ್ರೆ?" ಎಂದು ನಗಲು ಶುರು ಮಾಡಿದೆವು. ನಕ್ಕು ಮುಗಿಸುವಷ್ಟರಲ್ಲಿ ಆ ಸಾಲಿನವರೆಲ್ಲರ ನಂಬರೂ ಹಳದಿಯಾಗಿತ್ತು. ಆಮೇಲೆ ನಗುವುದನ್ನೂ ಬಿಟ್ಟೆವು.

ಸೂಪರ್‌ವೈಸರು ಬ್ರಹ್ಮಾವರ ಕಡೆಯವನು. ಮೀಸೆ ಬಲಿಯುವ ಮೊದಲೇ ಗತ್ತು ಬಲಿತಿತ್ತು. ಕಾನೂನು ಹೇಳುವಾಗ ಪುಸ್ತಕದ ಕನ್ನಡ, ಬೈಯುವಾಗ ಮಾತ್ರ ನಮ್ಮದೇ ಭಾಷೆ. "ಹ್ವಾಯ್! ಇದ್ ಮೀನ್ ಪ್ಯಾಟಿ ಅಲ್ಲ! ಕೈ ಓಡ್ಲಿ, ಕೈ!" ಅವನ ಫೋನು ಗಳಿಗೆಗೊಮ್ಮೆ ಹೊಡೆದುಕೊಳ್ಳುತ್ತಿತ್ತು. ಆ ಕಡೆಯಿಂದ ಯಾರೋ ಅವನನ್ನು ಬೈಯುವುದು, ಇವನು ಬಂದು ನಮ್ಮನ್ನು ಬೈಯುವುದು. ನಾವು ಯಾರನ್ನು ಬೈಯಬೇಕು? ಪೊಟ್ಟಣವನ್ನೋ?

ಎರಡನೇ ವಾರಕ್ಕೇ ಅತ್ತಿಗೆಯ ಕೈ ಸೋಲತೊಡಗಿತು. ಬಗ್ಗಿದರೆ ಹೊಲಿಗೆಯ ಜಾಗ ಹಿಡಿದುಕೊಳ್ಳುತ್ತಿತ್ತು. ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈಯಲ್ಲಿ ಪೊಟ್ಟಣ. ಟೀವಿಯಲ್ಲಿ ಅವಳ ನಂಬರು ಹಳದಿಗೆ ಬಂದು ಕೆಂಪಿನ ಅಂಚಿನಲ್ಲಿ ನಿಂತಿತ್ತು. ಅವಳ ಪಕ್ಕದಲ್ಲಿ ನಿಲ್ಲುತ್ತಿದ್ದವಳು ವಂಡ್ಸೆ ಕಡೆಯ ಹೆಂಗಸು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳು ಅತ್ತಿಗೆಯ ಮುಖ ನೋಡಿದಳು, ಟೀವಿ ನೋಡಿದಳು. ತಾನು ಎತ್ತಿದ ಪೊಟ್ಟಣವನ್ನು ತನ್ನ ಸ್ಕ್ಯಾನರಿಗೆ ತೋರಿಸುವ ಬದಲು ಅತ್ತಿಗೆಯ ಕೈಯ ಸ್ಕ್ಯಾನರಿಗೆ ಹಿಡಿದಳು. ಟೀಂಕ್.

"ನನ್ದ್ ಹಸ್ರ್ ಆಯ್ತ್. ಇದ್ ನಿಂಗ್ ಇರ್ಲಿ. ನೀ ಸುಮ್ನೆ ಕೈ ಚಾಚ್ಕಂಡ್ ನಿಲ್ಲ್, ಬಗ್ಗುಕ್ ಹೋಯ್ಬೇಡ."

ಇದರಲ್ಲಿ ನಮಗೇನೂ ವಿಶೇಷ ಕಾಣಲಿಲ್ಲ. ನಮ್ಮ ದಡದಲ್ಲಿ ಕೈರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಾಕಿದ ಎಲ್ಲರಿಗೂ ಪಾಲುಂಟು. ಯಾವುದಾದರೂ ಮನೆಯಲ್ಲಿ ಹುಷಾರಿಲ್ಲದೆ ಮಲಗಿದವರಿದ್ದರೆ ಅವರ ಹೆಸರಿನಲ್ಲಿ ಉಳಿದವರು ಎಳೆದು ಪಾಲು ಮುಟ್ಟಿಸುತ್ತಾರೆ. ಇಲ್ಲಿಯೂ ಹಾಗೆಯೇ ಎಂದುಕೊಂಡೆವು. ಮಧ್ಯಾಹ್ನದೊಳಗೆ ಸಾಲಿನ ಆಚೆ ತುದಿಯಿಂದಲೂ ಪೊಟ್ಟಣಗಳು ಕೈಯಿಂದ ಕೈಗೆ ದಾಟಿ ಅತ್ತಿಗೆಯ ಸ್ಕ್ಯಾನರಿಗೆ ಬರತೊಡಗಿದವು.

ಯಡವಟ್ಟಾದದ್ದು ಅಳತೆಯಲ್ಲಿ. ಮೀನು ಮಾರುವವರಿಗೆ ಅಳೆದು ಕೊಟ್ಟು ಸುಮ್ಮನಿರಲು ಬರುವುದಿಲ್ಲ. ಲೆಕ್ಕದ ಮೀನು ಹಾಕಿದ ಮೇಲೆ ಕೊಸರು ಎಂದು ಇನ್ನೊಂದು ಹಾಕಲೇಬೇಕು, ಇಲ್ಲದಿದ್ದರೆ ಕೈಗೆ ಸಮಾಧಾನವಿಲ್ಲ. ಅತ್ತಿಗೆ ಕೆಂಪಾಗದಿದ್ದರೆ ಸಾಕಿತ್ತು. ಆದರೆ ಇವಳೊಂದು ಕೊಸರು ಹಾಕಿದಳು, ಅವಳೊಂದು ಹಾಕಿದಳು, ನಾನಂತೂ ಸ್ವಂತ ಅತ್ತಿಗೆ ಎಂದು ಎರಡು ಹೆಚ್ಚೇ ಹಾಕಿದೆ. ಯಾರು ಎಷ್ಟು ಹಾಕಿದರೆಂದು ಯಾರೂ ಯಾರನ್ನೂ ಕೇಳಲಿಲ್ಲ. ಹೀಗೆ ದಿನವೂ ನಡೆಯಿತು. ವಾರ ಕಳೆಯುವಷ್ಟರಲ್ಲಿ, ಹೊಲಿಗೆ ಹಿಡಿದುಕೊಂಡು ನಿಂತ ನನ್ನ ಅತ್ತಿಗೆ ಇಡೀ ಶೆಡ್ಡಿಗೆ ಮೊದಲಿಗಳಾಗಿದ್ದಳು.

ಸೂಪರ್‌ವೈಸರು ಕುಣಿಯುವುದೊಂದು ಬಾಕಿ. ಅತ್ತಿಗೆಯನ್ನು ಟೀವಿಯ ಕೆಳಗೆ ನಿಲ್ಲಿಸಿ ಫೋಟೋ ಹೊಡೆದ, ನಮ್ಮಿಂದ ಚಪ್ಪಾಳೆ ತಟ್ಟಿಸಿದ, ಬೆಂಗಳೂರಿನ ಆಫೀಸಿಗೆ ಕಳಿಸಿದ. ಮಾರನೆಯ ಬೆಳಿಗ್ಗೆ ಪುಸ್ತಕದ ಕನ್ನಡದಲ್ಲಿ ಭಾಷಣ. "ಆಪರೇಷನ್ ಆದ ಹೆಂಗಸು ಇಷ್ಟು ಮಾಡುತ್ತಾರೆಂದರೆ ಆರೋಗ್ಯವಾಗಿರುವ ನೀವು ಮಾಡಲಾರಿರಾ? ಇವತ್ತಿನಿಂದ ಇವರು ಮಾಡಿದ್ದೇ ಎಲ್ಲರಿಗೂ ಅಳತೆ."

ನಾವು ಕೊಟ್ಟ ಕೊಸರನ್ನೇ ಕಲ್ಲು ಮಾಡಿ ನಮ್ಮ ತಲೆಯ ಮೇಲೆ ಇಟ್ಟಿದ್ದರು. ಆ ದಿನದಿಂದ ಯಾರ ಹತ್ತಿರವೂ ಕೊಡಲು ಮಿಗಲಿಲ್ಲ. ಅವರವರ ನಂಬರು ಹಸಿರು ಇಟ್ಟುಕೊಳ್ಳುವುದಕ್ಕೇ ನಾಲಿಗೆ ಹೊರಬರುತ್ತಿತ್ತು. ಒಬ್ಬಳ ಮಣಿಕಟ್ಟು ಬಾತುಕೊಂಡಿತು, ಇನ್ನೊಬ್ಬಳು ಮೂರು ಸಲ ಕೆಂಪಾಗಿ ಮನೆಗೆ ಹೋದಳು. ಆದರೂ ನಾನೂ ವಂಡ್ಸೆಯವಳೂ ಅತ್ತಿಗೆಯ ಎರಡು ಬದಿಯಲ್ಲಿ ನಿಂತು, ಸತ್ತು ಕೆಟ್ಟು, ಅವಳನ್ನು ಹಳದಿಯಲ್ಲಿ ಹಿಡಿದಿಟ್ಟೆವು. ಅವಳು ಪಾಪ, ಪ್ರತಿ ಸಂಜೆ ಬೇಡ ಎನ್ನುತ್ತಿದ್ದಳು. "ನನ್ ದೆಸಿಂದ ನೀವ್ ಸಾಯ್ಬೇಡಿ ಮರ್ರೆ." ನಾವು ಬಾಯಿ ಮುಚ್ಚು ಎನ್ನುತ್ತಿದ್ದೆವು. ಕುರ್ಚಿ ಸಿಗುವವರೆಗೆ ತಾನೇ, ಇನ್ನೇನು ದೀಪಾವಳಿ ಬಂತು.

ದೀಪಾವಳಿ ಬಂತು, ಹೋಯಿತು. ಸೀಸನ್ನಿನ ಕಡೆಯ ವಾರದಲ್ಲಿ, ಊಟದ ಹೊತ್ತಿಗೆ ಸೂಪರ್‌ವೈಸರು ಅತ್ತಿಗೆಯನ್ನು ಕರೆದ. ನಾನೂ ಜೊತೆಗೆ ಹೋದೆ. ಒಂದೂ ಕೆಂಪಿಲ್ಲದೆ ಮುಗಿಸಿದ್ದಳು, ಕುರ್ಚಿ ಅವಳದೇ ಎಂದು ನಮಗಿಬ್ಬರಿಗೂ ಖಾತ್ರಿ. ಅತ್ತಿಗೆ ಸೆರಗು ಸರಿಮಾಡಿಕೊಂಡು ನಿಂತಳು.

"ನಿಮ್ಮನ್ನು ವರ್ಷಕ್ಕೆ ಇಟ್ಟುಕೊಳ್ಳಲು ಮೇಲಿನಿಂದ ಒಪ್ಪಿಗೆ ಬಂದಿದೆ" ಎಂದ. ಅತ್ತಿಗೆ ಕೈ ಮುಗಿದಳು. "ಲಾರಿ ಇಳಿಸುವ ಕಡೆಗೆ ಹಾಕಿದ್ದೇವೆ."

"ಲಾರಿಗಾ?" ಅತ್ತಿಗೆಯ ಮುಗಿದ ಕೈ ಹಾಗೆಯೇ ಇತ್ತು. "ಕುರ್ಚಿ ಅಂದಿದ್ರಿ ಅಲ್ದಾ?"

ಅವನು ನಕ್ಕ. "ಎಂತ ಅಕ್ಕ ನೀವ್? ಇಷ್ಟ್ ಕೈ ಓಡೂರ್ನ ಯಾರಾರೂ ಕುರ್ಚಿಯಗೆ ಕೂರ್ಸ್ತ್ರಾ? ಕೂಕಂಬುಕೆ ಯಾರಾದ್ರೂ ಆತ್ತ್."

ನಾನು ಅಲ್ಲೇ ಅರಚಿದೆ. "ಅದ್ ಅವ್ಳೊಬ್ಳ ಕೈ ಅಲ್ಲ! ನಮ್ಮೆಲ್ಲರ ಕೈ! ಹೊಟ್ಟಿ ಕೊಯ್ದ ಹೆಂಗ್ಸ್ ಹ್ಯಾಂಗ್ ಅಷ್ಟ್ ಎತ್ತತ್ತ್ ಅಂದೇಳಿ ನಿಮ್ ಮಂಡಿಗ್ ಒಂದಿನಾದ್ರೂ ಹೊಳಿಲಿಲ್ಯಾ?"

ಅವನು ಆಚೀಚೆ ನೋಡಿದ, ಮೇಲಿನ ಕ್ಯಾಮೆರಾ ನೋಡಿದ, ಆಮೇಲೆ ನನ್ನ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ. "ಬಾಯ್ ಮುಚ್ಕಣಿ. ಆ ನಂಬ್ರ ಬೆಂಗ್ಳೂರಿಗ್ ಹೋಯಿ ಆಯ್ತ್. ಸುಳ್ಳ್ ಅಂದೇಳಿ ಗೊತ್ತಾರೆ ನಿಮ್ಮೊಟ್ಟಿಗ್ ನಾನೂ ಮನಿಗ್ ಹೋಪುದೇ."

ಅಂದರೆ ನಿಜ ಅವನಿಗೂ ಬೇಕಿರಲಿಲ್ಲ. ಗೊತ್ತಾದ ಮೇಲೂ ಬೇಕಿರಲಿಲ್ಲ. ಅವನ ಕೆನ್ನೆಗೆ ಬಾರಿಸಬೇಕು ಎಂದು ನನ್ನ ಕೈ ತುರಿಸಿದ್ದು ಸುಳ್ಳಲ್ಲ. ಅಷ್ಟರಲ್ಲಿ ಅತ್ತಿಗೆ ಅಲ್ಲಿಂದ ಹೊರಟಳು. ನೀರು ಕುಡಿಯಲು ಹೋದಳೇನೋ ಎಂದುಕೊಂಡೆ. ಅವಳು ನೆಟ್ಟಗೆ ಮೂಲೆಗೆ ನಡೆದು, ಕುರ್ಚಿ ಎಳೆದು, ಕೂತುಬಿಟ್ಟಳು.

"ಅಕ್ಕ, ಏಳಿ" ಎಂದ ಸೂಪರ್‌ವೈಸರು.

"ನಾ ಏಳ್ತಿಲ್ಲೆ." ಅವಳ ದನಿ ಏರಲೂ ಇಲ್ಲ. "ಬೇಕಾರೆ ನೀವೇ ಎತ್ತಿ ಇಳ್ಸಿ. ಭಾರ ಎತ್ತೂದ್ ಅಂದ್ರೆ ಎಂತ ಅಂದೇಳಿ ನಿಮ್ಗೂ ಗೊತ್ತಾಯ್ಲಿ."

ಹೆಂಗಸರೆಲ್ಲ ನಿಂತು ನೋಡುತ್ತಿದ್ದರು. ಅವನು ಮುಟ್ಟುವ ಹಾಗಿಲ್ಲ, ಎಬ್ಬಿಸುವ ಹಾಗಿಲ್ಲ. ಫೋನು ಹೊಡೆದುಕೊಂಡಿತು, ಅದನ್ನು ಹಿಡಿದುಕೊಂಡು ಹೊರಗೆ ಹೋದ. ಅತ್ತಿಗೆ ಟೇಬಲ್ಲಿನ ಮೇಲಿದ್ದ ರಾಶಿಯಿಂದ ಒಂದು ಪೊಟ್ಟಣ ಎಳೆದುಕೊಂಡು ಚೀಟಿ ಅಂಟಿಸಿದಳು. ಸಂಜೆಯವರೆಗೂ ಅಂಟಿಸಿದಳು, ಒಂದೂ ಓರೆಯಾಗದ ಹಾಗೆ. ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದಳು.

ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ನಮ್ಮಿಬ್ಬರ ಕಾರ್ಡೂ ಹಿಡಿಯಲಿಲ್ಲ. ವಾಚ್‌ಮನ್ ನೆಲ ನೋಡಿಕೊಂಡು, ನಿಮ್ದ್ ಬಂದ್ ಆಯಿತ್ತ್ ಎಂದ. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದೆ. ಮನೆಯಲ್ಲಿ ಅಮ್ಮ, "ಬಡವ್ರ್ ಸಿಟ್ಟ್ ದವಡಿಗ್ ಮೂಲ, ನಿಂಗ್ ಹೇಳ್ರೆ ಕೇಂತಿಲ್ಲೆ" ಎಂದಳು. ಆ ಗಾದೆ ಕಟ್ಟಿದವನು ಖಂಡಿತ ಬಡವನಲ್ಲ. ಸಿಟ್ಟು ನುಂಗಿದರೆ ದವಡೆ ಉಳಿಯುತ್ತದೆ, ಬೆನ್ನು ಉಳಿಯುತ್ತದೆಯೇ? ಕೆಲವರು, ನೀವು ಕೊಸರು ಹಾಕಿದ್ದೇ ತಪ್ಪು, ಒಬ್ಬಳು ಬಿದ್ದರೆ ಬೀಳಲಿ ಎಂದು ಬಿಡಬೇಕಿತ್ತು ಎಂದರು. ತಪ್ಪಂತೆ! ಪಕ್ಕದವಳು ಹೊಟ್ಟೆ ಹಿಡಿದು ನಿಂತಾಗ ಕೈ ಕೊಟ್ಟದ್ದು ತಪ್ಪೆಂದರೆ, ಆ ತಪ್ಪನ್ನು ನಾಳೆಯೂ ಮಾಡುತ್ತೇನೆ.

ಅತ್ತಿಗೆ ಈಗ ಮನೆಯಲ್ಲೇ ಬೇರೆಯವರ ಮೀನು ಕೊಯ್ದು ಕೊಡುತ್ತಾಳೆ, ಮೆಟ್ಟುಕತ್ತಿಯನ್ನು ಕಾಲಿನಲ್ಲಿ ಮೆಟ್ಟಿ ಹಿಡಿದು, ಕುಕ್ಕರಗಾಲಿನಲ್ಲಿ. ಈ ಸಲದ ನವರಾತ್ರಿಗೆ ನಮ್ಮ ನೆರೆಮನೆಯ ಸೊಸೆ ಅದೇ ಶೆಡ್ಡಿಗೆ ಸೇರಿದಳು. ಸೇರಿ ಕೆಲವೇ ದಿನಕ್ಕೆ, ಒಂದು ಸಂಜೆ ಸೊಂಟಕ್ಕೆ ಕೈಕೊಟ್ಟುಕೊಂಡು ಬಂದು ನಮ್ಮ ಜಗಲಿಯಲ್ಲಿ ಕುಸಿದು ಕೂತಳು. ಎರಡು ಸಲ ಕೆಂಪಾಗಿದೆ, ಇನ್ನೊಂದಾದರೆ ಮುಗಿಯಿತು ಎಂದಳು. ಶೆಡ್ಡಿನ ಗೋಡೆಯಲ್ಲಿ ಅತ್ತಿಗೆಯ ಫೋಟೋ ಇನ್ನೂ ಇದೆಯಂತೆ. ದಿನಾ ಬೆಳಿಗ್ಗೆ ಅದನ್ನು ತೋರಿಸಿ ಹೇಳುತ್ತಾರಂತೆ, ಆಪರೇಷನ್ ಆದ ಈ ಹೆಂಗಸು ಮಾಡಿದ್ದಾಳೆ, ನಿಮಗೇನು ಧಾಡಿ ಎಂದು.

"ಅಷ್ಟ್ ಹ್ಯಾಂಗ್ ಮಾಡ್ದ್ರಿ ಅಕ್ಕ? ನಂಗೂ ಒಂಚೂರ್ ಹೇಳ್ಕೊಡಿ" ಎಂದಳು ಆ ಹುಡುಗಿ.

ಅತ್ತಿಗೆ ಕೈಯಲ್ಲಿದ್ದ ಮೀನು ಕೆಳಗಿಟ್ಟಳು. "ನಾ ಮಾಡ್ಲೇ ಇಲ್ಲ ಮಗಾ. ಅಷ್ಟ್ ಯಾರೂ ಮಾಡ್ಲಿಲ್ಲ. ಒಬ್ರ್ ಕೈಯಗೆ ಅದ್ ಆಪ್ದೇ ಅಲ್ಲ."

ಹುಡುಗಿ ಅವಳ ಮುಖವನ್ನೇ ನೋಡಿದಳು. ನಂಬಲಿಲ್ಲ. ಗುಟ್ಟು ಬಿಟ್ಟುಕೊಡಲು ಮನಸ್ಸಿಲ್ಲ ಎಂದುಕೊಂಡು, ಮುಖ ಊದಿಸಿಕೊಂಡು ಎದ್ದು ಹೋದಳು.