ಸಲೂಹಾ ತಾರಸಿ ಹತ್ತಿದಳು

ನಮ್ಮ ಮಹ್ದಿಯಾದ ಹಳೇಪೇಟೆಯಲ್ಲಿ ಗಂಡಸು ತಾರಸಿ ಹತ್ತುವ ಮೊದಲು ಕೂಗಬೇಕು. "ಮರೆಯಾಗ್ರಮ್ಮಾ!" ಎಂದು ಅವನು ಅರಚಿದ ತಕ್ಷಣ, ಮೇಲಿನಿಂದ ಕಾಣುವ ಸುತ್ತಲಿನ ಅಂಗಳಗಳ ಹೆಂಗಸರೆಲ್ಲ ಕೈಯ ಹಿಟ್ಟನ್ನೂ ತೊಳೆಯದೆ ಒಳಗೆ ಓಡಬೇಕು. ಅವನು ಇಳಿಯುವವರೆಗೆ ಕೋಣೆಯಲ್ಲಿ ಕೂತು ಬೆವರಬೇಕು. ಕೆಲಸ ಅವನದು, ಸೆರೆ ನಮಗೆ. ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಹಾಗೆಂದು ಆ ಕೆಲಸ ಬೇಡ ಎನ್ನುವಂತಿಲ್ಲ. ನಾವು ಕುಡಿಯುವುದು ತಾರಸಿಯ ನೀರನ್ನೇ. ಬೇಸಿಗೆ ಮುಗಿಯುತ್ತಲೇ ತಾರಸಿಗೆ ಸುಣ್ಣ ಬಳಿದು, ಮಣ್ಣಿನ ಕೊಳವೆಗಳ ಸಂದಿಗೆ ಗಾರೆ ಮೆತ್ತಿದರೆ ಮಳೆನೀರು ಗೋಡೆಗುಂಟ ಇಳಿದು ಅಂಗಳದಡಿಯ ತೊಟ್ಟಿ ಸೇರುತ್ತದೆ. ನಮ್ಮ ಕೇರಿಯಲ್ಲಿ ಅದನ್ನು ಮಾಡುತ್ತಿದ್ದವನು ಖಮೈಸ್. ಅವನು ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹೆಂಡತಿ ಸಲೂಹಾ ಏಣಿಯನ್ನು ಹೆಗಲಿಗೇರಿಸಿದಳು.

"ಏನಮ್ಮಾ, ಗಂಡನ ಮೀಸೆನೂ ನೀನೇ ಅಂಟಿಸ್ಕೊಂಡ್ಯಾ?" ಎಂದ ರೊಟ್ಟಿ ಅಂಗಡಿಯ ಫರ್ಜಾನಿ.

"ಮೀಸೇಲಿ ಸುಣ್ಣ ಬಳಿಯೋಕಾಗಲ್ಲ ಕಣಪ್ಪಾ. ನೀನೇ ಇಟ್ಕೋ."

ಬಾಯಿ ಹಾಗಿತ್ತು ಅವಳದು. ಹಸಿ ಗಾರೆ ಮುಟ್ಟಿದವರ ಮೇಲೆ ಕುಂಚವನ್ನೇ ಎಸೆಯುತ್ತಿದ್ದಳು. ಆದರೂ ನಮಗೆ ಅವಳು ಬಂದ ದಿನ ಹಬ್ಬ. ಅವಳು ಮೇಲಿದ್ದರೆ ಯಾರೂ ಓಡಬೇಕಿರಲಿಲ್ಲ. ತಲೆ ಬಿಚ್ಚಿ ಬಾಚಿಕೊಳ್ಳುತ್ತ, ಮೀನು ಹೆಚ್ಚುತ್ತ ಅವಳ ಜೊತೆ ಹರಟುತ್ತಿದ್ದೆವು.

ನಾನು ತಿಜಾನಿ ಹಾಜಿಯ ಸೊಸೆ ಮನ್ನೂಬಿಯಾ. ಗಂಡ ಕಡಲಿನ ಮೇಲೆ, ಮನೆಯಲ್ಲಿ ಮಾವನ ದರ್ಬಾರು. ಮೊದಲ ಮಳೆಯ ಕೊಳಕು ನೀರು ಒಳಗೆ ಹೋಗದಂತೆ ತೊಟ್ಟಿಯ ಕಂಡಿಗೆ ಬಟ್ಟೆ ತುರುಕಿ, ಅದನ್ನು ಬೀದಿಗೆ ಬಿಡಬೇಕು. ಆ ವರ್ಷ ನಾನು ಮರೆತೆ. ಪಾರಿವಾಳದ ಹಿಕ್ಕೆಯೆಲ್ಲ ತೊಟ್ಟಿಗೆ ಇಳಿಯಿತು. ಹಾಜಿ ನನ್ನ ಜುಟ್ಟು ಹಿಡಿದು ತೊಟ್ಟಿಯ ಬಾಯಿಗೆ ಬಗ್ಗಿಸಿ, "ಕುಡಿ, ನೀನೇ ಕುಡಿ" ಎನ್ನುತ್ತ ಚಪ್ಪಲಿಯಲ್ಲಿ ಹೊಡೆದ.

ಪಕ್ಕದ ತಾರಸಿಯಲ್ಲಿ ಮೊದಲ ಮಳೆಗೆ ಬಾಯಿ ಬಿಟ್ಟ ಸಂದು ಮುಚ್ಚುತ್ತಿದ್ದ ಸಲೂಹಾ ನೋಡಿದಳು. "ಏ ಹಾಜಿ! ಕೈ ತೆಗಿ!"

ಅವನು ಜುಟ್ಟು ಬಿಡಲಿಲ್ಲ. "ಕೂಗ್ದೆ ಯಾಕೆ ಹತ್ತಿದೆ ನೀನು?" ಎಂದ. ನನ್ನ ತುಟಿ ಒಡೆದು ರಕ್ತ ಸುರಿಯುತ್ತಿತ್ತು. ಆ ಭಂಡನಿಗೆ ತಪ್ಪಾಗಿ ಕಂಡದ್ದು ಅವಳ ಕಣ್ಣು! ಅವಳು ಬೀದಿಯ ಕಡೆ ತಿರುಗಿ, ಕಂಡದ್ದನ್ನೆಲ್ಲ ಗಂಟಲು ಹರಿಯುವಂತೆ ಕೂಗಿ ಹೇಳಿದಳು.

ಮಸೀದಿಯ ಜಗಲಿಯಲ್ಲಿ ಗಂಡಸರು ತೀರ್ಮಾನ ಮಾಡಿದರು. ಸಲೂಹಾ ಹಾಜಿಯ ಬಾಗಿಲಲ್ಲಿ ನಿಂತು "ನಾನೇನೂ ನೋಡಿಲ್ಲ" ಎನ್ನಬೇಕು, ಇಲ್ಲವಾದರೆ ಇನ್ನು ಮುಂದೆ ಅವಳಿಗೆ ಒಂದು ತಾರಸಿಯೂ ಇಲ್ಲ. ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದಾನೆ, ದುಡಿಯುವವಳು ಇವಳೊಬ್ಬಳೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸುದ್ದಿ ತಂದ ಫರ್ಜಾನಿಗೆ ಸಲೂಹಾ ಹೇಳಿದಳು, "ನನ್ನ ಕಣ್ಣು ಕಿತ್ಕೊಂಡು ಹೋಗಿ ಹಾಜಿಗೆ ಕೊಡು. ಆಮೇಲೆ ಬೇಕಾದ್ರೆ ಹಾಗಂತೀನಿ."

ದೊಡ್ಡ ಮಳೆಗೆ ಮುಂಚೆ ಎಲ್ಲರ ಸಂದುಗಳೂ ಮುಚ್ಚಬೇಕಿತ್ತು. ಸೂಸ್ ಪಟ್ಟಣದಿಂದ ಒಬ್ಬನನ್ನು ಕರೆಸಿದರು. ಮೊದಲು ನಮ್ಮ ಮನೆ. ಅವನು ಬೀದಿಯ ಗೋಡೆಗೆ ಏಣಿ ಒರಗಿಸಿ, ಅದರ ಬುಡದಲ್ಲಿ ನಿಂತು, "ಮರೆಯಾಗ್ರಮ್ಮಾ!" ಎಂದು ಕೂಗಿದ. ನಾನು ಎದ್ದೆ. ನನ್ನ ಅತ್ತೆ ಏಳಲಿಲ್ಲ. ನಲವತ್ತು ವರ್ಷ ಆ ಚಪ್ಪಲಿಯ ಏಟು ತಿಂದು ಒಂದು ಮಾತೂ ಆಡದ ಹೆಂಗಸು, ಅಂಗಳದಲ್ಲಿ ಬುಟ್ಟಿಯ ಮುಂದೆ ಕೂತು ಕುಸ್‌ಕುಸ್‌ಗೆ ರವೆ ಉಜ್ಜುತ್ತಲೇ ಇದ್ದಳು. ಆ ಸದ್ದು ಕೇಳಿ ಅವನು ಮತ್ತೆ ಕೂಗಿದ.

"ಅಮ್ಮಾ, ಒಳಗ್ಹೋಗಿ, ಹತ್ತುತಿದೀನಿ!"

"ಹತ್ತಪ್ಪಾ. ಬೇಡ ಅಂದೋರ್ಯಾರು?" ಎನ್ನುತ್ತ ತಲೆಯ ವಸ್ತ್ರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು.

ತಾರಸಿ ಹತ್ತಿ ಅಂಗಳಕ್ಕೆ ತಲೆ ಹಾಕಿದವನು ಬೆಂಕಿ ತುಳಿದವನಂತೆ ಇಳಿದ. ಪಕ್ಕದ ಮನೆಗೆ ಹೋದ. ಅಷ್ಟರಲ್ಲಿ ಅತ್ತೆಯ ಸುದ್ದಿ ಗೋಡೆ ದಾಟಿತ್ತು, ಅಲ್ಲಿಯೂ ಯಾರೂ ಏಳಲಿಲ್ಲ. ಅದರಾಚೆಯ ಮನೆಯಲ್ಲಂತೂ ಮೂವರು ಸೊಸೆಯಂದಿರು ಕೂದಲು ಹರವಿ ಕೂತಿದ್ದರು. "ಇದೇನು ಊರೋ!" ಎಂದು ಉಗಿದು ಅವನು ಮಧ್ಯಾಹ್ನದ ಬಸ್ಸು ಹತ್ತಿದ.

ಕಡಲ ಮೇಲೆ ಮೋಡ ಕಟ್ಟಿತು. ಕೊನೆಗೆ ಹಾಜಿಯೇ ಸಲೂಹಾಳ ಬಾಗಿಲು ತಟ್ಟಬೇಕಾಯಿತು.

"ಬರ್ತೀನಿ. ಆದ್ರೆ ನೋಡಿದ್ದು ನೋಡಿದ್ದೇ," ಎಂದು ಅವಳು ಗಾರೆಯ ಬಾಂಡ್ಲಿ ಹೊತ್ತು ಬಂದಳು. ಅಂಗಳದಲ್ಲೇ ಏಣಿ ಇಟ್ಟು ಎರಡು ಮೆಟ್ಟಿಲು ಹತ್ತಿ ನಿಂತಳು. ಹಾಜಿ ಅಂಗಳದ ನಡುವೆ ಕೈಕಟ್ಟಿ ನಿಂತಿದ್ದ.

"ಹಾಜಿ, ಒಳಗ್ಹೋಗಿ. ಹೆಂಗಸು ತಾರಸಿ ಹತ್ತುತಿದಾಳೆ."

ಅವನು ಅತ್ತೆಯ ಮುಖ ನೋಡಿದ. ಅವಳು ತಲೆ ಎತ್ತಲಿಲ್ಲ. ನನ್ನ ಮುಖ ನೋಡಿದ. ನಾನು ಕಣ್ಣು ಕೀಳಲಿಲ್ಲ. ಹಾಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸಲೂಹಾ ಅಂದು ನಿಧಾನವಾಗಿ ಒಂದೊಂದು ಸಂದಿಗೂ ಮೂರು ಮೂರು ಸಲ ಗಾರೆ ಮೆತ್ತಿದಳು.