ಮೂಗೂರಿನಲ್ಲಿ ನಿಂತುಹೋದ ನೇಣು

ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದವರು ಬಳಿದುಕೊಂಡಿದ್ದ ಪೌಡರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮತ್ತೆ ಜಡ್ಜಾಗಿಬಿಟ್ಟೆ. ನಗಬೇಡಿ. ತೊಂಬತ್ತರ ದಶಕದ ಆರಂಭದಲ್ಲಿ, ನಂಜನಗೂಡಿನಲ್ಲಿ ಕಾಲೇಜು ಓದುತ್ತಿದ್ದಾಗ, ನಾನು ದಕ್ಷಿಣ ಆಫ್ರಿಕಾದ ಬಿಳಿಯ ನ್ಯಾಯಾಧೀಶನಾಗಿದ್ದೆ. ಬೆವರು ಇಳಿದ ಕಡೆಯೆಲ್ಲ ಮುಖಕ್ಕೆ ಬಳಿದ ಪೌಡರು ಕರಗಿ ನನ್ನ ಅಸಲಿ ಬಣ್ಣ ಗೆರೆಗೆರೆಯಾಗಿ ಇಣುಕುತ್ತಿತ್ತು.

ಅಲ್ಲಿ ಬಿಳಿಯರ ಸರ್ಕಾರ ಕರಿಯರನ್ನು ದೂರವಿಟ್ಟು ಆಳುತ್ತದೆ, ತೀರ್ಪು ಕೊಡುವವರು ಬಿಳಿಯರು, ನೇಣಿಗೇರುವವರು ಹೆಚ್ಚಾಗಿ ಕರಿಯರು ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಊರಾಚೆಯ ಕೇರಿಯಲ್ಲಿ ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಟಕವನ್ನೇ ಬರೆದೆವು. ಗೆಳೆಯ ಶಿವಣ್ಣ ಅಪರಾಧಿ. ನನಗೆ ಪುಟಗಟ್ಟಲೆ ಮಾತು, ಅವನಿಗೆ ಒಂದೂ ಇಲ್ಲ. ಸುಮ್ಮನೆ ನೇಣಿಗೇರಿದರೆ ಜನ ಅಳುತ್ತಾರೆಂಬುದು ನಮ್ಮ ಲೆಕ್ಕಾಚಾರ.

ಮೊದಲ ಪ್ರದರ್ಶನ ನಮ್ಮೂರು ಮೂಗೂರಿನಲ್ಲಿ, ನಮ್ಮ ಬೀದಿಯಲ್ಲೇ. ಶಿವಣ್ಣನ ಕೊರಳಿಗೆ ಹಗ್ಗ ಬಿತ್ತು. ಅವನು ಕಣ್ಣು ಮಿಟುಕಿಸದೆ ಜನರನ್ನೇ ನೋಡುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮುಂದೆ ಕೂತಿದ್ದ ನಮ್ಮ ದೊಡ್ಡವ್ವ ಎದ್ದು ನಿಂತರು.

“ಲೋ ಜಡ್ಜಪ್ಪ, ತಡಿಲಾ. ಆಗ್ಲಿಂದ ನೀನೇ ವದರ್ತಾ ಇದ್ದೀಯೆ. ಆ ಹೈದ ಒಂದ್ ಮಾತೂ ಆಡ್ನಿಲ್ವಲ್ಲಾ?”

“ದೊಡ್ಡವ್ವ, ಇದು ನಾಟ್ಕ ಕಣವ್ವ,” ಎಂದು ಪಿಸುಗುಟ್ಟಿದೆ.

“ನಾಟ್ಕ ಆದ್ರೆ ಬಾಯಿ ಕಟ್ಟಾಕ್ಬೇಕಾ? ಯೋಳಪ್ಪ ಮಗ, ಏನಾಯ್ತು?”

ಶಿವಣ್ಣ ನನ್ನ ಮುಖ ನೋಡಿದ, ಜನರ ಮುಖ ನೋಡಿದ. “ಗಲಾಟೇಲಿ ಒಬ್ಬ ಪೊಲೀಸ್ನೋನು ಸತ್ತೋದ ಕಣವ್ವ. ನಾನು ಅಲ್ಲಿರ್ಲೇ ಇಲ್ಲ. ಕಪ್ಪಗಿದ್ದೆ, ಇಡ್ಕೊಂಡ್ರು. ಇಡ್ದೋರೂ ಅವ್ರೇ, ಕೇಳೋರೂ ಅವ್ರೇ.”

“ಅಂಗಾರೆ ಬುಡ್ಲಾ ಅವನ್ನ!” ಇಡೀ ಬೀದಿ ಕೂಗಿತು. ದೊಡ್ಡವ್ವ ವೇದಿಕೆ ಹತ್ತಿ ಹಗ್ಗ ಬಿಚ್ಚಿ, ಶಿವಣ್ಣನನ್ನು ಊಟಕ್ಕೆ ಕರೆದುಕೊಂಡೇ ಹೋದರು. ನ್ಯಾಯಾಧೀಶರನ್ನು ಯಾರೂ ಕರೆಯಲಿಲ್ಲ.

ಕೆಲವು ವರ್ಷಗಳ ಮೇಲೆ ಅಲ್ಲಿ ಹೊಸ ಸರ್ಕಾರ ಬಂತು. ಅಲ್ಲಿಯ ದೊಡ್ಡ ಕೋರ್ಟು ಮರಣದಂಡನೆಯನ್ನೇ ರದ್ದು ಮಾಡಿತು. ಓಡಿಹೋಗಿ ಸುದ್ದಿ ಹೇಳಿದೆ. ದೊಡ್ಡವ್ವ ಸೊಪ್ಪು ಬಿಡಿಸುತ್ತಲೇ, “ಈಗ್ ಬುಟ್ರಾ? ನಾವು ಆಗ್ಲೇ ಬುಟ್ಟಿದ್ವಲ್ಲ,” ಎಂದರು.

ಈ ಕಥೆ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ. ಇವತ್ತು ಬಸ್ಸಿಳಿದವನೇ ನರಸೀಪುರದಲ್ಲಿರುವ ಶಿವಣ್ಣನಿಗೆ ಫೋನು ಮಾಡಿದೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಅವನು ಮೆಲ್ಲಗೆ ಹೇಳಿದ: “ಕುತ್ಗೆಗೆ ಅಗ್ಗ ಬಿದ್ದಾಗ ನಂಗೆ ನಾಟ್ಕ ಅನ್ನೋದೇ ಮರ್ತೋಗಿತ್ತು ಕಣ್ಲಾ. ಯಾರಾರಾ ಎದ್ದೇಳ್ಲಿ ಅಂತ ಕಾಯ್ತಿದ್ದೆ.”

ಇಷ್ಟು ವರ್ಷ ಅವನ ಆ ನೋಟವನ್ನು ನಾನು ನಟನೆ ಎಂದುಕೊಂಡಿದ್ದೆ.